ಎಡಮೂಲೆಯ ದ್ಯಾಮಪ್ಪ

ಬನವಾಸಿ ಕಡೆ ಅರವತ್ತು ಕೆಜಿ ಒಳಗಿನವರ ಕಬಡ್ಡಿ ನೋಡಿದವರಿಗೆಲ್ಲ ದ್ಯಾಮಪ್ಪ ಗೊತ್ತು. ಹದಿನೆಂಟು ವರ್ಷ ಎಡಮೂಲೆಯಲ್ಲಿ ನಿಂತವನು. ಒಂದು ಸಲವೂ ದಾಳಿಗೆ ಹೋದವನಲ್ಲ. ಬಂದವನ ಪಾದ ಹಿಡಿದನೋ, ಮುಗಿಯಿತು. ಬಹುಮಾನದ ಫ್ಯಾನು, ಮಿಕ್ಸರು ಎಲ್ಲ ದಾಳಿಗಾರರ ಮನೆಗೇ ಹೋದವು ಬಿಡಿ. ಹಿಡಿಯುವವನನ್ನು ಯಾರು ಕೇಳುತ್ತಾರೆ?

ಈ ಸಲದ ಶಿರಸಿ ಪಂದ್ಯವೇ ಕೊನೆಯದು ಎಂದಿದ್ದ. ಮನಸ್ಸು ಮಾತ್ರ ಅಲ್ಲಿರಲಿಲ್ಲ. ಹೆಂಡತಿ ಪ್ರತಿಭಾಗೆ ಎಂಟು ತಿಂಗಳು. ಹಿಂದೆ ಎರಡು ಸಲ ಆರಕ್ಕೇ ಹೋಗಿತ್ತು. ಎರಡನೇ ಸಲ ಅವನು ಯಾರದೋ ಮದುವೆಗೆಂದು ಕ್ಷೌರ ಮಾಡಿಸಿಕೊಂಡಿದ್ದ. ಬಸುರಿಯ ಗಂಡ ಕತ್ತರಿ ತಾಗಿಸಬಾರದಿತ್ತು ಎಂದು ಅವ್ವ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಪೂರ್ತಿ ನಂಬಿಕೆ ಅವನಿಗೂ ಇಲ್ಲ, ಹೆದರಿಕೆ ಇದೆಯಲ್ಲ! ಈಗ ಕಿವಿ ಮುಚ್ಚುವ ಕೂದಲು, ಕತ್ತು ಮುಚ್ಚುವ ಗಡ್ಡ.

ಮೈದಾನದ ತಕ್ಕಡಿ ಅರವತ್ತರ ಮೇಲೆ ನೂರು ಗ್ರಾಂ ತೋರಿಸಿತು. ಎರಡು ದಿನ ಉಪವಾಸ ಇದ್ದವನಿಗೆ! ನಾಯಕ ಸದಾಶಿವ ಅವನನ್ನು ಓಡಿಸಿದ, ಬೆವರಿಳಿಸಿದ, ಉಗುಳಿಸಿದ. ಊಹೂಂ.

“ತಲಿ, ಗಡ್ಡ ಎರಡೂ ಬೋಳಿಸಿದ್ರ ಆತು,” ಎಂದ ಸದಾಶಿವ.

“ಬ್ಯಾಡೋ, ಮನ್ಯಾಗ ಬಸುರಿ ಅದಾಳ.”

“ಕೂಸು ನಿನ್ ತಲಿಮ್ಯಾಲ ಐತೇನಲೇ? ಆರು ಮಂದಿ ನಿನ್ನ ನಂಬ್ಯಾರ!”

ದ್ಯಾಮಪ್ಪ ಸುಮ್ಮನಾದ. ಸುಮ್ಮನಾದದ್ದೇ ತಪ್ಪಾಯಿತು. ಯಾರೋ ಕರೆತಂದಿದ್ದ ಕ್ಷೌರಿಕ ಕಿವಿಯ ಮೇಲೆ ಕತ್ತರಿ ಆಡಿಸಿಯೇಬಿಟ್ಟ. ತೊಡೆಯ ಮೇಲೆ ಬಿದ್ದ ಕೂದಲು ನೋಡಿದ್ದೇ ತಡ, ದ್ಯಾಮಪ್ಪ ಕ್ಷೌರಿಕನ ಮಣಿಕಟ್ಟು ಹಿಡಿದ. ಅವನು ಹಿಡಿದರೆ ಬಿಡಿಸುವವರುಂಟೆ?

“ಸಾಕು. ನಾ ಆಡಂಗಿಲ್ಲ.”

ಸದಾಶಿವ ಬೈದದ್ದನ್ನು ಬರೆಯುವ ಹಾಗಿಲ್ಲ. ದ್ಯಾಮಪ್ಪ ತಲೆಗೆ ಟವೆಲ್ ಸುತ್ತಿ ಬೈಕ್ ಹತ್ತಿದ. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಫೋನ್ ಮಾಡಿದ, ಪ್ರತಿಭಾ ಎತ್ತಲಿಲ್ಲ. ಒಂದು ಹಿಡಿ ಕೂದಲಿಗೆ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಬೈಕನ್ನು ಇನ್ನಷ್ಟು ಜೋರಾಗಿ ಓಡಿಸಿದ.

ಮನೆ ಮುಟ್ಟಿದಾಗ ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಟವೆಲ್ ಎಳೆದು ನೋಡಿದಳು. “ಇದೇನ್ರಿ, ಇಲಿ ತಿಂದಂಗ!”

“ಕೂಸು ಆಡಾಕ್ಹತ್ತೇತೇನ?”

ಅವಳ ನಗು ನಿಂತಿತು. “ಮುಂಜಾನಿಂದ ಸುಮ್ನ ಐತ್ರಿ.”

ಅವನು ಅಲ್ಲೇ ನೆಲದ ಮೇಲೆ ಕೂತ. ಅವಳು ಪಕ್ಕದಲ್ಲಿ ಕೂತು ಅವನ ಅಂಗೈ ಹೊಟ್ಟೆಯ ಮೇಲಿಟ್ಟುಕೊಂಡಳು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಪುಟ್ಟ ಪಾದವೊಂದು ಅಂಗೈಗೆ ಒದ್ದಿತು. ಹದಿನೆಂಟು ವರ್ಷದ ರೂಢಿ. ಬೆರಳು ತಾವೇ ಮುಚ್ಚಿಕೊಂಡವು. ಪಾದ ಜಾರಿಕೊಂಡಿತು.

“ತಪ್ಪಿಸ್ಕೊಂತು!” ಎಂದು ದ್ಯಾಮಪ್ಪ ಅತ್ತುಬಿಟ್ಟ.