ಹಕ್ಕು ಎಂಬ ಮಾತು ಲಿಂಕೋಪಿಂಗಿನಲ್ಲಿ ಕೇಳಿಸಿದ್ದು

ಯಂತ್ರದಲ್ಲಿದ್ದ ನನ್ನ ಒದ್ದೆ ಬಟ್ಟೆಗಳನ್ನು ಯಾರೋ ತೆಗೆದು ನೆಲದ ಮೇಲೆ ರಾಶಿ ಹಾಕಿ, ಮೇಲೊಂದು ಚೀಟಿ ಇಟ್ಟು ಹೋಗಿದ್ದರು. ನಾವು ಸ್ವೀಡನ್ನಿಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಅಲ್ಲಿಯವರೆಗೆ ಆ ಕಟ್ಟಡದಲ್ಲಿ ಒಬ್ಬರೂ ನನ್ನೊಡನೆ ಮಾತಾಡಿರಲಿಲ್ಲ. ಮೊದಲ ಸಲ ಯಾರೋ ನನಗೆಂದೇ ನಾಲ್ಕು ಸಾಲು ಬರೆದಿದ್ದರು. ಭಾಷೆ ತಿಳಿಯದಿದ್ದರೂ ಸಾಲಿನ ಕೊನೆಗಿದ್ದ ದಪ್ಪ ದಪ್ಪ ಆಶ್ಚರ್ಯಚಿಹ್ನೆಗಳನ್ನು ನೋಡಿದರೆ ಅದು ಸ್ವಾಗತವಲ್ಲ ಎನ್ನುವುದು ಗೊತ್ತಾಗುತ್ತಿತ್ತು.

ಇಲ್ಲಿನ ಬಾಡಿಗೆ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರ ಮನೆಯೊಳಗೆ ಇರುವುದು ಕಡಿಮೆ. ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದು ಒಗೆಯುವ ಕೋಣೆ. ಗೋಡೆಯ ಮೇಲೊಂದು ಹಲಗೆ, ಅದರಲ್ಲಿ ದಿನಗಳು, ಹೊತ್ತುಗಳು. ನಮಗೆ ಬೇಕಾದ ಹೊತ್ತನ್ನು ಮೊದಲೇ ಹಿಡಿದಿಟ್ಟುಕೊಳ್ಳಬೇಕು. ನಾನು ಕೋಣೆ ಖಾಲಿ ಇದೆಯೆಂದು ನೋಡಿ ನುಗ್ಗಿದ್ದೆ. ನೀರು ಹಂಚುವುದೇ ಕಸುಬಾಗಿದ್ದ ನಾನು ಪರದೇಶದಲ್ಲಿ ಮಾಡಿದ ಮೊದಲ ಅಪರಾಧ ಬೇರೆಯವರ ಸರದಿಯ ನೀರು ಕದ್ದದ್ದು.

ನಾನು ಸಿಂಧನೂರಿನವನು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಕಿರಿಯ ಎಂಜಿನಿಯರ್ ಆಗಿದ್ದೆ. ಹೆಂಡತಿ ಶೈಲಜಾ ಬೆಂಗಳೂರಿನವಳು, ವಿಮಾನದ ಬಿಡಿಭಾಗಗಳ ಎಂಜಿನಿಯರ್. ಮದುವೆಯಾದಾಗಿನಿಂದ ಅವಳು ಬೆಂಗಳೂರಿನಲ್ಲಿ, ನಾನು ಸಿಂಧನೂರಿನಲ್ಲಿ. ರಾತ್ರಿ ಬಸ್ಸಿನಲ್ಲೇ ಅರ್ಧ ಸಂಸಾರ ಕಳೆದಿತ್ತು. ಅವಳಿಗೆ ಲಿಂಕೋಪಿಂಗಿನಲ್ಲಿ ಕೆಲಸ ಸಿಕ್ಕಾಗ, ಎಲ್ಲಾದರೂ ಸರಿ ಒಂದೇ ಸೂರಿನಡಿ ಇರೋಣ ಎಂದು ನಾನು ಸಂಬಳವಿಲ್ಲದ ರಜೆ ಹಾಕಿದೆ. ಪುಟ್ಟ ಮಗಳು ಇಂಚರಳನ್ನು ಕರೆದುಕೊಂಡು ಮೂವರೂ ಬಂದೆವು.

ಬೆಳಿಗ್ಗೆ ಶೈಲಜಾ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದಳು. ನಾನು ಇಂಚರಳನ್ನು ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಿಟ್ಟು ಬಂದರೆ ಆಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು. ನಮ್ಮ ಕಡೆ ಕಾಲುವೆ ದಂಡೆಯ ಮೇಲೆ ಜೀಪು ನಿಲ್ಲಿಸಿದರೆ ಸಾಕು, ಹತ್ತು ಜನ ಸುತ್ತುವರಿಯುತ್ತಿದ್ದರು, ಬೈಯುವುದಕ್ಕಾದರೂ ಸರಿ. ಇಲ್ಲಿ ನೆರೆಮನೆಯಾಕೆ ಬಾಗಿಲು ತೆರೆಯುವ ಮುನ್ನ ಮೆಟ್ಟಿಲ ಮೇಲೆ ಯಾರಾದರೂ ಇದ್ದಾರೆಯೇ ಎಂದು ಕಿಂಡಿಯಲ್ಲಿ ನೋಡುತ್ತಾರೆ. ಇದ್ದರೆ, ಅವರು ಇಳಿದುಹೋಗುವವರೆಗೆ ಒಳಗೇ ನಿಲ್ಲುತ್ತಾರೆ. ಇದು ದ್ವೇಷವಲ್ಲ, ಮರ್ಯಾದೆ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ತಿಳಿದ ಮೇಲೂ ಆ ಬಾಗಿಲ ಹಿಂದೆ ಉಸಿರು ಹಿಡಿದು ನಿಂತವರ ನೆನಪಾದರೆ ಎದೆ ಖಾಲಿ ಎನಿಸುತ್ತಿತ್ತು.

ಚೀಟಿಯನ್ನು ಸ್ವೀಡಿಷ್ ತರಗತಿಗೆ ಒಯ್ದೆ. ಹೊಸದಾಗಿ ಬಂದವರಿಗೆ ಇಲ್ಲಿನ ಕೊಮ್ಮೂನ್, ಎಂದರೆ ನಗರಾಡಳಿತ, ಪುಕ್ಕಟೆ ಭಾಷೆ ಕಲಿಸುತ್ತದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಮಹೀನ್ ಎಂಬ ಇರಾನಿನ ಹೆಂಗಸು. ಮರಳುಗಾಡಿನ ಅಂಚಿನ ಹಳ್ಳಿಯವರು, ನಿವೃತ್ತ ಶಾಲಾ ಶಿಕ್ಷಕಿ, ನನ್ನ ತಾಯಿಯ ವಯಸ್ಸು. ನರ್ಸ್ ಆಗಿರುವ ಮಗಳ ಜೊತೆಯಲ್ಲಿರಲು ನನಗಿಂತ ಒಂದು ವರ್ಷ ಮೊದಲು ಬಂದಿದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಅಂಗನವಾಡಿ ಮಕ್ಕಳ ಮಟ್ಟದ ಸ್ವೀಡಿಷ್, ಹತ್ತಾರು ಇಂಗ್ಲಿಷ್ ಪದ, ಉಳಿದದ್ದು ಕೈಸನ್ನೆ.

ಚೀಟಿ ಓದಿ ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನೀನು ತುರ್ ಕದ್ದೆ," ಎಂದರು.

"ತುರ್ ಅಂದರೆ?"

ಗಡಿಯಾರದ ಮೇಲೆ ಬೆರಳಿಟ್ಟರು. "ಇಲ್ಲಿಂದ ಇಲ್ಲಿಗೆ ಚೀಟಿ ಬರೆದವಳದು. ಇಲ್ಲಿಂದ ಇಲ್ಲಿಗೆ ನಿನ್ನದು. ನೀನು ಅವಳ ಹೊತ್ತಿನಲ್ಲಿ ಅವಳ ನೀರು ತೆಗೆದುಕೊಂಡೆ. ನನ್ನ ಊರಿನಲ್ಲಿ ಇದಕ್ಕೆ ತಲೆ ಒಡೆಯುತ್ತಾರೆ. ಇಲ್ಲಿ ಚೀಟಿ. ಒಳ್ಳೆಯ ದೇಶ."

"ನಮ್ಮ ಊರಿನಲ್ಲೂ ತಲೆ ಒಡೆಯುತ್ತಾರೆ," ಎಂದೆ. ನನ್ನ ಕೆಲಸ ಏನೆಂದು ಹೇಗೋ ಹೇಳಿದೆ. ಮಹೀನ್ ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿ ಕೂತರು. ಸ್ವೀಡಿಷ್‌ನಲ್ಲಿ ತುರ್ ಎಂದರೆ ಸರದಿ, ಅದೃಷ್ಟಕ್ಕೂ ಅದೇ ಪದ ಎಂದು ನನಗೆ ತಿಳಿಸಿದವರೂ ಅವರೇ.

ಆ ಚಳಿಗಾಲವೆಲ್ಲ ಫೀಕಾದ ಹೊತ್ತಿನಲ್ಲಿ (ಇಲ್ಲಿನವರು ಕೆಲಸ ನಿಲ್ಲಿಸಿ ಕಾಫಿಗೆ ಕೂರುವುದಕ್ಕೆ ಹಾಗೆನ್ನುತ್ತಾರೆ) ಅವರು ತಮ್ಮ ಊರಿನ ನೀರಿನ ಕಥೆ ಹೇಳಿದರು. ಬೆಟ್ಟದ ಬುಡದಿಂದ ನೆಲದಡಿಯಲ್ಲಿ ಒಂದು ಸುರಂಗ. ಪಂಪು ಇಲ್ಲ, ಯಂತ್ರ ಇಲ್ಲ. ತುಸು ಇಳಿಜಾರಿನಲ್ಲಿ ನೀರು ತಾನಾಗಿ ಮರಳುಗಾಡಿನ ಅಡಿಯಲ್ಲಿ ಹರಿದು ಊರ ಬಾಯಲ್ಲಿ ಹೊರಬರುತ್ತದೆ. ಬೀದರಿನ ಸುರಂಗ ಬಾವಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಆದರೆ ನನಗೆ ಹೊಸದಾಗಿ ಕಂಡದ್ದು ಸುರಂಗವಲ್ಲ, ಆ ನೀರು ಯಾರದು ಎನ್ನುವ ಲೆಕ್ಕಾಚಾರ.

"ಮೊದಲು ಅಗೆದವರ ನೀರು," ಎಂದರು ಮಹೀನ್. ಅಗೆಯಲು ಮೈ ಬಗ್ಗಿಸಿದವರು, ಅಗೆಯುವವರಿಗೆ ಉಣ್ಣಲು ಕೊಟ್ಟವರು, ಅವರವರ ಪಾಲಿಗೆ ತಕ್ಕಷ್ಟು ಹೊತ್ತು ನೀರು ಪಡೆದರು. ಆ ಹೊತ್ತು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹರಿದು ಬಂತು. ಗಂಡಿಗೆ ಒಂದು ಪಾಲಾದರೆ ಹೆಣ್ಣಿಗೆ ಅರ್ಧ. ನೀರನ್ನು ನೋಡಿಕೊಳ್ಳುವವನು ಮೀರಾಬ್, ನಮ್ಮ ನೀರುಗಂಟಿಯ ಹಾಗೆ. ಹಿಂದೆ ಅವನು ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದನಂತೆ. ಅದು ತುಂಬಿ ಮುಳುಗಿದರೆ ಒಬ್ಬರ ಹೊತ್ತು ಮುಗಿಯಿತು. ಈಗ ಕೈಗಡಿಯಾರ. ವರ್ಷಕ್ಕೊಮ್ಮೆ ಸುರಂಗದ ಹೂಳು ತೆಗೆಯಬೇಕು, ಪಾಲಿರುವವರೆಲ್ಲ ಅದಕ್ಕೆ ಕೈ ಜೋಡಿಸಬೇಕು.

"ನನಗೆ ಭೂಮಿ ಇಲ್ಲ," ಎಂದರು ಮಹೀನ್. "ಒಂದು ಗಿಡವೂ ಇಲ್ಲ. ಆದರೆ ನೀರು ಇದೆ. ಅಮ್ಮನಿಂದ ಬಂದದ್ದು. ನನ್ನ ಹಕಾಬೆ."

ನಾನು ಬೆಚ್ಚಿದೆ. "ಏನೆಂದಿರಿ?"

"ಹಕ್. ಆಬ್. ಹಕಾಬೆ."

ಹಕ್ಕು! ಆಬ್ ಎಂದರೆ ನೀರು, ನಮ್ಮ ಅಬಕಾರಿಯಲ್ಲಿರುವ ಅದೇ ಆಬ್. ನಾನು ಆತುರದಿಂದ ಒಂದೊಂದೇ ಪದ ಎಸೆಯುತ್ತಾ ಹೋದೆ. ಜಮೀನು? ಜಮೀನ್, ಎಂದರು. ಹಿಸ್ಸೆ? ಹಿಸ್ಸೆ. ದಫ್ತರ? ದಫ್ತರ್. ಕಾಗದ? ರೈತ? ಎಲ್ಲದಕ್ಕೂ ಅವರು ತಲೆಯಾಡಿಸಿದರು, ಅಚ್ಚರಿಯಿಂದ ನನ್ನ ತೋಳು ಹಿಡಿದುಕೊಂಡರು. ನಮ್ಮ ಕಚೇರಿಯ ಸವೆದ ಪದಗಳು, ಅರ್ಜಿಗಳಲ್ಲಿ ಬರೆದು ಬರೆದು ರುಚಿ ಕೆಟ್ಟ ಪದಗಳು, ಹಿಮ ಬೀಳುತ್ತಿದ್ದ ಆ ಮಧ್ಯಾಹ್ನ ಪರದೇಶದ ಅಜ್ಜಿಯೊಬ್ಬರ ಬಾಯಲ್ಲಿ ಹೊಸದಾಗಿ ಕೇಳಿಸಿದವು. ಮನೆಯಲ್ಲಿ ಮಗಳು ಆಗಲೇ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಒಂದು ಪದ ತಪ್ಪಾಗಿ ಹೇಳಿದರೆ "ಇಂತೆ ಸೋ, ಪಪ್ಪಾ," ಹಾಗಲ್ಲ ಎಂದು ತಿದ್ದುತ್ತಿದ್ದಳು. ಆ ದಿನ ಮಾತ್ರ ಯಾರೂ ನನ್ನನ್ನು ತಿದ್ದಲಿಲ್ಲ.

ಮನೆಗೆ ಹೋಗುವಾಗ ನಮ್ಮ ಕಾಲುವೆಯದೇ ಯೋಚನೆ. ನಮ್ಮಲ್ಲಿ ನೀರು ಯಾರ ಸ್ವತ್ತೂ ಅಲ್ಲ, ಸರ್ಕಾರದ್ದು. ಅಚ್ಚುಕಟ್ಟಿನಲ್ಲಿ ನಿಮ್ಮ ಹೊಲ ಇದ್ದರೆ ಹೊಲಕ್ಕೆ ನೀರು. ಹೊಲ ಮಾರಿದರೆ ನೀರೂ ಹೋಯಿತು. ಕಾಗದದ ಮೇಲೆ ಎಲ್ಲರೂ ಸಮ. ಆದರೆ ಮೇಲಿನವರು ತೂಬು ಎತ್ತಿದರೆ ಕೆಳಭಾಗದ ರೈತರಿಗೆ ಮುಟ್ಟುವುದು ಬರೀ ತೇವ. ಗೇಜ್, ಎಂದರೆ ಕಾಲುವೆಯ ನೀರಿನ ಮಟ್ಟ, ಅದನ್ನು ಕಾಯುವುದರಲ್ಲೇ ನನ್ನ ಯೌವನ ಕಳೆದಿತ್ತು. ಹೊಲವೇ ಇಲ್ಲದ ಹೆಂಗಸೊಬ್ಬಳು ನೀರಿನ ಒಡತಿಯಾಗಿ, ಸರದಿ ಬಂದಾಗಲೆಲ್ಲ ಅದನ್ನು ಬೇರೆಯವರಿಗೆ ಬಾಡಿಗೆ ಕೊಡಬಹುದು ಎನ್ನುವುದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ನನ್ನ ಶೇಂಗಾ ಹಿಂಡಿಯನ್ನು ಮಹೀನ್ ತರುತ್ತಿದ್ದ ತೆಳ್ಳನೆಯ ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದು ನಮ್ಮ ಅಭ್ಯಾಸವಾಯಿತು. ಅವರು ನನ್ನನ್ನು ಪ್ರಕಾಶ್ ಆಗಾ ಎಂದರು, ನಾನು ಮಹೀನ್ ಖಾನುಮ್ ಎಂದೆ. ಅವರಲ್ಲಿ ಗಂಡಸರನ್ನೂ ಹೆಂಗಸರನ್ನೂ ಮರ್ಯಾದೆಯಿಂದ ಕರೆಯುವುದು ಹೀಗೆ.

ವಸಂತದಲ್ಲಿ ಒಂದು ದಿನ ಅವರು ಊರಿನಲ್ಲಿರುವ ತಮ್ಮನ ವಿಷಯ ತೆಗೆದರು. ಅವರ ನೀರಿನ ಪಾಲನ್ನು ಮಾರಿಬಿಡು ಎಂದು ಅವನು ಒತ್ತಾಯಿಸುತ್ತಿದ್ದ. ಅಕ್ಕಪಕ್ಕದಲ್ಲಿ ಆಳದ ಕೊಳವೆಬಾವಿಗಳು ಬಂದು ಸುರಂಗದ ನೀರು ಬಡವಾಗಿತ್ತು. ಊರಿನ ಒಬ್ಬ ಶ್ರೀಮಂತ ಎಲ್ಲರ ಪಾಲನ್ನೂ ಕೊಂಡು ತಾನೂ ಬಾವಿ ಕೊರೆಸಲು ಕಾಯುತ್ತಿದ್ದ. ಎಲ್ಲರೂ ಮಾರಿದರೆ ಸುರಂಗದ ಹೂಳು ತೆಗೆಯುವವರೇ ಇರುವುದಿಲ್ಲ.

"ತಮ್ಮ ಹೇಳುತ್ತಾನೆ, ಸ್ವೀಡನ್ನಿನಲ್ಲಿ ಕೂತವಳಿಗೆ ಇಲ್ಲಿ ನೀರು ಯಾಕೆ. ಸುರಂಗ ಸತ್ತಿದೆ, ಹೆಣ ಕಾಯಬೇಡ." ನನ್ನ ಮುಖ ನೋಡಿದರು. "ನೀನು ನೀರಿನ ಮನುಷ್ಯ. ನನ್ನ ಜೊತೆ ನೋಡು."

ಅವರ ಮನೆಯ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ, ತಮ್ಮನಿಗೆ ವಿಡಿಯೊ ಕರೆ ಮಾಡಿ ಕೂತೆವು. ತಮ್ಮ ಬಿರುಸಿನ ಮನುಷ್ಯ, ಆದರೆ ಕೆಟ್ಟವನಲ್ಲ. ಅವನ ಮುಖದಲ್ಲಿ ದಣಿವಿತ್ತು. ಸುರಂಗದ ಬಾಯಿಗೆ ನಡೆದು ಹೋಗಿ ಫೋನು ಕೆಳಕ್ಕೆ ಹಿಡಿದ. ಕಲ್ಲು ಕಟ್ಟಿದ ಕಿರಿದಾದ ಕಾಲುವೆ, ತಳದಲ್ಲಿ ಬೆಳಕು ಅಲುಗುತ್ತಿತ್ತು.

ಮಹೀನ್ ತಮ್ಮನಿಗೆ ಏನೋ ಹೇಳಿದರು. ಅವನು ಗೊಣಗಿಕೊಂಡೇ ಬಗ್ಗಿ ನೀರಿಗೆ ಕೈ ಇಳಿಸಿದ. ನೀರು ಮಣಿಕಟ್ಟು ಮುಟ್ಟಲಿಲ್ಲ. ಆದರೆ ಬೆರಳುಗಳ ನಡುವೆ ಸೀಳಿಕೊಂಡು, ಮತ್ತೆ ಕೂಡಿಕೊಂಡು ಹರಿಯಿತು. ಕಾಲುವೆ ಸಾಯುವಾಗ ನೀರು ಹೇಗೆ ತಡೆತಡೆದು ಬರುತ್ತದೆ ಎಂದು ನನಗೆ ಗೊತ್ತು. ಇದು ಹಾಗಿರಲಿಲ್ಲ.

"ಸತ್ತಿದೆಯೋ, ಬದುಕಿದೆಯೋ?" ಮಹೀನ್ ಕೇಳಿದರು.

"ಸೊರಗಿದೆ," ಎಂದೆ. ಸೊರಗುವುದಕ್ಕೆ ಸ್ವೀಡಿಷ್ ಪದ ಗೊತ್ತಿರದೆ ಹಸಿದಿದೆ ಎಂದುಬಿಟ್ಟೆ. "ಆದರೆ ಬದುಕಿದೆ. ಎಷ್ಟು ದಿನ ಅಂತ ನಾನು ಹೇಳಲಾರೆ."

"ಅಷ್ಟು ಸಾಕು. ನನಗೂ ಎಷ್ಟು ದಿನ ಅಂತ ಯಾರೂ ಹೇಳಿಲ್ಲ."

ಅವರು ಮಾರಲಿಲ್ಲ. ಅಮ್ಮನಿಂದ ಬಂದ ಸರದಿಯನ್ನು ಊರಿನ ಇಬ್ಬರು ದಾಳಿಂಬೆ ತೋಟದವರಿಗೆ ಬಿಟ್ಟುಕೊಟ್ಟರು. ಬದಲಿಗೆ ಅವರು ಮಹೀನ್ ಪರವಾಗಿ ವರ್ಷಕ್ಕೊಮ್ಮೆ ಹೂಳು ತೆಗೆಯಬೇಕು. ಪ್ರತಿ ಶುಕ್ರವಾರ ಫೋನು ಮಾಡುತ್ತಿದ್ದ ತಮ್ಮ ಆಮೇಲೆ ಅದನ್ನು ನಿಲ್ಲಿಸಿದ. ಶುಕ್ರವಾರಗಳಂದು ಮಹೀನ್ ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಕೂರುತ್ತಾರೆ ಎಂದು ಅವರ ಮಗಳು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ನಾನು ನೋಡಿ ಹೇಳಿದ್ದು ಸುಳ್ಳಲ್ಲ. ಆದರೂ ಆ ಮಾತು ಕೇಳಿದ ಮೇಲೆ ಬಹಳ ದಿನ ಅವರ ಮನೆಯ ಕರೆಗಂಟೆ ಒತ್ತಲು ನನಗೆ ಕೈ ಬರಲಿಲ್ಲ.

ಅದೇ ಬೇಸಿಗೆಯ ಹೊತ್ತಿಗೆ ಇಲಾಖೆಯಿಂದ ನನಗೂ ಕರೆ ಬಂತು, ಕೆಲಸಕ್ಕೆ ಹಾಜರಾಗಿ, ಇಲ್ಲವೇ ಬಿಡಿ ಎಂದು. ಒಂದು ವಾರ ನಾನು ಶೈಲಜಾಳ ಮುಖ ನೋಡದೆ ತಿರುಗಾಡಿದೆ. ಕೊನೆಗೆ ಅವಳೇ ಮಾತು ತೆಗೆದಳು.

"ಹೋಗ್ಬೇಕು ಅನ್ಸಿದ್ರೆ ಹೋಗಿ, ನಾನು ಬೇಡ ಅನ್ನಲ್ಲ. ಆದ್ರೆ ಮತ್ತೆ ಅದೇ ವೀಕೆಂಡ್ ಸಂಸಾರ ಆಗುತ್ತೆ. ಈ ಸಲ ವೀಕೆಂಡೂ ಇರಲ್ಲ."

"ಇಲ್ಲಿ ನಾನು ಏನೂ ಅಲ್ಲ, ಶೈಲೂ."

"ಗೊತ್ತು," ಎಂದಳು. ನನ್ನ ಪಕ್ಕ ಬಂದು ಕೂತಳು, ಅಷ್ಟೇ. ಮರುದಿನ ರಾಜೀನಾಮೆ ಕಳಿಸಿದೆ. ನಮ್ಮಲ್ಲಿ ದೂರ ಹೋದವನಿಗೆ ನೀರಿನ ಪಾಲು ಉಳಿಯುವುದಿಲ್ಲ, ಕುರ್ಚಿಯೂ ಉಳಿಯುವುದಿಲ್ಲ.

ಮುಂದಿನ ವರ್ಷದ ಬೇಸಿಗೆಗೆ ನನಗೊಂದು ಸಣ್ಣ ಗೆಲುವು ಸಿಕ್ಕಿತು. ಈ ಊರಿನ ಹೊರಗೆ ಒಂದು ದೊಡ್ಡ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ರೊಕ್ಸೆನ್ ಕೆರೆಗೆ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದು ಸ್ಲುಸ್, ಎಂದರೆ ಎರಡೂ ಕಡೆ ಬಾಗಿಲಿರುವ ನೀರಿನ ಕೋಣೆ. ನೀರು ತುಂಬಿಸಿ ದೋಣಿಯನ್ನು ಎತ್ತುತ್ತಾರೆ, ಹೊರಬಿಟ್ಟು ಇಳಿಸುತ್ತಾರೆ. ಬೇಸಿಗೆಯ ಮಟ್ಟಿಗೆ ಅದರ ಬಾಗಿಲು ಕಾಯುವ ಕೆಲಸ ನನಗೆ ಸಿಕ್ಕಿತು. ಮಹೀನ್ ಮಗಳ ಜೊತೆ ನೋಡಲು ಬಂದರು. ಅಷ್ಟು ನೀರು ರಭಸದಿಂದ ಧುಮುಕುವುದನ್ನು ಬಹಳ ಹೊತ್ತು ನೋಡಿದರು.

"ಇದರಿಂದ ಏನು ಬೆಳೆಯುತ್ತಾರೆ?"

"ಏನೂ ಇಲ್ಲ. ದೋಣಿಯವರು ರಜೆ ಕಳೆಯಲು ಬರುತ್ತಾರೆ."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ತಲೆಯ ವಸ್ತ್ರವನ್ನು ಸರಿಪಡಿಸಿಕೊಂಡು, "ಮೀರಾಬ್ ಪ್ರಕಾಶ್," ಎಂದು ಕೈ ಎದೆಗಿಟ್ಟು ತಲೆ ಬಾಗಿಸಿದರು.

ಜುಲೈನ ಒಂದು ಮಧ್ಯಾಹ್ನ ಬಿಳಿಯ ದೋಣಿಯೊಂದನ್ನು ಇಳಿಸುತ್ತಿದ್ದೆ. ಜೇಬಿನಲ್ಲಿ ಫೋನು ಅದುರಿತು. ಊರಿನ ಹಳೆಯ ಸಿಮ್ ಅನ್ನು ಇನ್ನೂ ಇಟ್ಟುಕೊಂಡಿದ್ದೆ, ಕರೆ ಅದಕ್ಕೇ ಬಂದಿತ್ತು, ಗುರುತಿಲ್ಲದ ಭಾರತದ ನಂಬರಿನಿಂದ.

"ಸಾಹೇಬ್ರ, ನಮಸ್ಕಾರ್ರೀ. ನಮ್ಮ ಕಡಿ ನೀರು ಯಾವಾಗ ಬರತೈತ್ರಿ? ಸಸಿ ಒಣಗಾಕತ್ತಾವು."

ದನಿಯ ಗುರುತು ಸಿಗಲಿಲ್ಲ. ಊರು ಕೇಳಿದೆ. ಕಾಲುವೆಯ ಕಟ್ಟಕಡೆಯ ತೂಬಿನ ಊರು. ಹಳೆಯ ಅಭ್ಯಾಸದಿಂದ, "ಗೇಜ್ ಎಷ್ಟೈತಿ ಅಲ್ಲಿ?" ಎಂದು ಕೇಳಿಬಿಟ್ಟೆ.

"ಎಲ್ಲೀ ಗೇಜ್ ತಂದ್ರೀ, ತಳಾ ಕಾಣಾಕತ್ತೈತಿ. ತಡೀರಿ, ನೀರಿನ ಸಪ್ಪಳ ಕೇಳಾಕತ್ತೈತಲ್ಲ! ಕಾಲುವಿ ಮ್ಯಾಲೇ ಅದೀರೇನ್ರಿ?"

"ಹೂಂ, ಕಾಲುವಿ ಮ್ಯಾಲೇ ಅದೀನಿ," ಎಂದೆ.

"ಹಂಗಾರ ಬಿಟ್ಟೀರಂದಂಗಾತು! ನಾವು ತೂಬಿನ ಕಡಿ ಹೊಂಟ್ವಿ."

ಫೋನಿಟ್ಟರು. ನಾನು ಗಾಬರಿಯಿಂದ ಮತ್ತೆ ಮಾಡಿದೆ, ಎತ್ತಲಿಲ್ಲ. ಕೆಳಗಿನಿಂದ ದೋಣಿಯವರು ನನ್ನನ್ನೇ ನೋಡುತ್ತಿದ್ದರು. ಬಾಗಿಲು ತೆರೆದು ಅವರನ್ನು ದಾಟಿಸಿ ಮತ್ತೆ ಮತ್ತೆ ಮಾಡಿದೆ. ಕೊನೆಗೆ ಆ ರೈತರು ಫೋನೆತ್ತಿದರು, ನಡೆದು ಏದುಸಿರು ಬಿಡುತ್ತಿದ್ದರು. ಕೆಲಸ ಬಿಟ್ಟಿದ್ದೇನೆಂದೂ, ಎಲ್ಲಿದ್ದೇನೆಂದೂ, ಅವರು ಕೇಳಿದ್ದು ಯಾವ ನೀರೆಂದೂ ಹೇಳಿದೆ. ಈಗ ಅಲ್ಲಿರುವ ಎಂಜಿನಿಯರರ ನಂಬರು ಕೊಡುತ್ತೇನೆಂದೆ. ಅವರು ಬೈಯಬಹುದೆಂದು ಕಾದೆ. ಬೈಯಲಿಲ್ಲ.

"ಅಷ್ಟು ದೂರ ಹೋಗೀರೇನ್ರಿ," ಎಂದರು. "ಹೋಗ್ಲಿ ಬಿಡ್ರಿ. ಅಲ್ಲ್ಯಾರ ಕೆಳಗಿನವ್ರಿಗೆ ನೀರು ಮುಟ್ಟತೈತೇನು?"

ಕೊನೆಯ ಬಾಗಿಲಿನಾಚೆ ಕೆರೆ ಬಿಸಿಲಿಗೆ ಮಿನುಗುತ್ತಾ ಬಿದ್ದಿತ್ತು. ದಂಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಇಲ್ಲಿ ಕೆಳಗ ಯಾರೂ ಇಲ್ರಿ," ಎಂದೆ.