ದಾಖಲೆಯಿಲ್ಲದ ಕೆಸರು

ನಮ್ಮನೆಯವರು ನಾರಾಯಣಸ್ವಾಮಿ, ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಬಂದ ಫೈಲಿಗೆಲ್ಲ ಆಕ್ಷೇಪಣೆ ಬರೆಯೋದೇ ಕೆಲಸ. ಅದು ಆಫೀಸಿನಲ್ಲೇ ಮುಗಿದಿದ್ದರೆ ನನಗೇನು! ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿಗೆ ಬಂದಮೇಲೂ ಅದೇ. ಹೊಸ ಮಿಕ್ಸಿ ಬೇಕು ಅಂದರೆ, "ಹಳೇದು ಕೆಟ್ಟಿದೆ ಅನ್ನೋದಕ್ಕೆ ಏನು ಪುರಾವೆ, ವೈಜಯಂತಿ?" ಅಂತಾರೆ. ಚಟ್ನಿಯಲ್ಲಿ ಸಿಗೋ ಕಾಯಿಚೂರೇ ಪುರಾವೆ ಅಂತ ತಟ್ಟೆಗೆ ಬಡಿಸಿದೆ.

2008ರಲ್ಲಿ ಅವರ ಮೇಜಿಗೆ ಹೋವರ್‌ಕ್ರಾಫ್ಟಿನ ಫೈಲು ಬಂತು. ಕೆಳಗೆ ಗಾಳಿ ತುಂಬಿಕೊಂಡು ನೀರು, ಕೆಸರು ಎರಡರ ಮೇಲೂ ಓಡೋ ದೋಣಿಯಂತೆ. ಸಮುದ್ರ ಇಳಿದಾಗ ಹೂಳಿನಲ್ಲಿ ಸಿಕ್ಕಿಕೊಂಡವರನ್ನು ಎತ್ತೋದಕ್ಕಂತೆ. ಒಂದನ್ನು ಯಮುನೆಯಲ್ಲಿ ಪರೀಕ್ಷೆಗೆ ಬಿಟ್ಟಿದ್ದರು. ಇವರು ಬರೆದರು: "ದೆಹಲಿಗೆ ಸಮುದ್ರವಿಲ್ಲ. ಇಲ್ಲಿ ಕೆಸರಿನಲ್ಲಿ ಯಾರೂ ಸಿಕ್ಕಿಕೊಂಡ ದಾಖಲೆಯಿಲ್ಲ. ವಾಪಸ್ ಕಳಿಸಬಹುದು." ಅದನ್ನು ನನಗೆ ಎರಡು ಸಲ ಹೇಳಿ ಖುಷಿಪಟ್ಟರು.

ಆಮೇಲೆ ಗಣಪತಿ ಬಿಡೋ ದಿನ ಬಂತು. ಯಮುನೆ ಇಳಿದು ದಂಡೆಯೆಲ್ಲ ಹೂಳು. "ಇಲ್ಲೇ ಅಂಚಿನಲ್ಲಿ ಬಿಡ್ರೀ" ಅಂದೆ. ಕೇಳಿದರೆ ತಾನೆ? ಮುಳುಗೋಷ್ಟು ನೀರು ಬೇಕು ಅಂತ ಗಣಪನನ್ನು ತಲೆ ಮೇಲೆ ಹೊತ್ತು ನಡೆದೇಬಿಟ್ಟರು. ಮೂವತ್ತು ಹೆಜ್ಜೆಗೆ ಮೊಣಕಾಲು ಹೂತಿತು. ಕಾಲು ಕಿತ್ತುಕೊಳ್ಳೋಕೆ ಒದ್ದಾಡಿ ಸೊಂಟದವರೆಗೂ ಇಳಿದರು.

"ಅಪ್ಪಾ, ಮೂರ್ತಿ ಛೋಡ್ ದೋ ನಾ!" ಮಗಳು ಸ್ಫೂರ್ತಿ ಕಿರುಚಿದಳು.

"ಕೆಸರಲ್ಲಿ ಗಣಪನ್ನ ಬಿಡ್ತಾರೇನೇ?"

"ರೀ, ಗಣಪ ಮುಂದಿನ ವರ್ಷವೂ ಬರ್ತಾನೆ. ನೀವು ಬರ್ತೀರಾ?" ಅಂತ ಬೈಯುತ್ತಲೇ ಅತ್ತುಬಿಟ್ಟೆ. ಇಪ್ಪತ್ತಾರು ವರ್ಷ ಈ ಮನುಷ್ಯನ ಜೊತೆ ಜಗಳ ಆಡಿದ್ದೀನಿ. ಇವರಿಲ್ಲದೆ ನಾನು ಯಾರ ಹತ್ತಿರ ಆಡಲಿ?

ದಂಡೆಯಲ್ಲಿದ್ದ ಪೊಲೀಸಪ್ಪ ವೈರ್‌ಲೆಸ್ಸಿನಲ್ಲಿ ಕೂಗಿಕೊಂಡ. ಸ್ವಲ್ಪ ಹೊತ್ತಿಗೆ ಭರ್ರೋ ಅಂತ ಬಂತು, ಇನ್ನೂ ವಾಪಸ್ ಹೋಗಿರದ ಅದೇ ಹೋವರ್‌ಕ್ರಾಫ್ಟು! ಅಯ್ಯೋ, ಆಗ ಇವರ ಮುಖ ನೋಡಬೇಕಿತ್ತು.

"ಬಾಬೂಜಿ, ಹಾಥ್ ದೀಜಿಯೇ" ಅಂತ ಕೈ ಚಾಚಿದ ಅದರ ಚಾಲಕ.

"ಮೊದಲು ಗಣಪತಿ. ಲೈಫ್ ಜಾಕೆಟ್ ಹಾಕಿ ಕೂರಿಸಿ" ಅಂತ ಇವರು ಹಿಂದಿಯಲ್ಲಿ ಹುಕುಂ ಮಾಡಿದರು. ಸೊಂಟದವರೆಗೆ ಹೂತರೂ ನಿಯಮ ಅಂದರೆ ನಿಯಮ. ಗಣಪನಿಗೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದ ಮೇಲೆ ನಾಲ್ವರು ಸೇರಿ ಇವರನ್ನು ಎಳೆದರು. ಇವರು ಬಂದರು, ಪಂಚೆ ಬರಲಿಲ್ಲ. ಚಡ್ಡಿಯಲ್ಲೇ ನಡುನೀರಿಗೆ ಹೋಗಿ ಗಣಪನನ್ನು ಬಿಟ್ಟರು. ಜಾಕೆಟ್ ಬಿಚ್ಚೋದು ಮರೆತಿದ್ದರಿಂದ ಪುಣ್ಯಾತ್ಮ ಒಂದು ಸಲ ತೇಲಿಯೂ ಬಿಟ್ಟ. ದಂಡೆಯಲ್ಲಿ ನಾನು ಅಳುತ್ತಾ ನಕ್ಕೆ.

ವಾರ ಕಳೆದು ಫೈಲು ಮತ್ತೆ ಇವರ ಮೇಜಿಗೇ ಬಂತು. ಮನೆಗೆ ತಂದು ಬಿಚ್ಚಿದರು. ಅದಕ್ಕೆ ಯಾರೋ ಹೊಸ ಹಾಳೆ ಸೇರಿಸಿದ್ದರು: "ಕೆಸರಿನಲ್ಲಿ ಸಿಕ್ಕಿಕೊಂಡವರು: ಒಬ್ಬರು. ಹೆಸರು ನಾರಾಯಣಸ್ವಾಮಿ. ವಯಸ್ಸು ಐವತ್ತೆರಡು."

ಅದನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ಏರಿಸಿ ಆಕ್ಷೇಪಣೆ ಬರೆದರು: "ದಾಖಲೆಯಲ್ಲಿ ಸಿಕ್ಕಿಕೊಂಡವರ ಸಹಿ ಇಲ್ಲ."

ಬರೆದು, ಅದರ ಕೆಳಗೆ ತಾವೇ ಸಹಿ ಹಾಕಿದರು. ಮೊದಲು ಬರೆದಿದ್ದ "ವಾಪಸ್ ಕಳಿಸಬಹುದು" ಅನ್ನೋದನ್ನು ಹೊಡೆದುಹಾಕಿ "ಇಟ್ಟುಕೊಳ್ಳಬಹುದು" ಅಂತ ಮಾಡಿದರು.

ಅವರು ಪೆನ್ನಿನ ಕ್ಯಾಪು ಮುಚ್ಚೋ ಮೊದಲೇ ನಾನು ಮಿಕ್ಸಿಯ ಮಾತು ತೆಗೆದೆ.