ರಾತ್ರಿಯಾಗದ ಭತ್ತ

ನಮ್ಮ ಮನೆಯ ಗ್ಯಾಲರಿಯ ಬಕೆಟಿನಲ್ಲಿ ಭತ್ತ ಹೂ ಬಿಟ್ಟಿದೆ. ಭತ್ತದ ಹೂವಿಗೂ ವಾಸನೆಯೇ ಎಂದು ನೀವು ಕೇಳಬಹುದು. ಬಗ್ಗಿ ಮೂಗು ಹತ್ತಿರ ಒಯ್ದರೆ, ನೆನೆಹಾಕಿದ ಅಕ್ಕಿಯಂಥ ತೆಳುವಾದ ವಾಸನೆ. ನನ್ನ ಸೊಂಟಕ್ಕೆ ಬಗ್ಗುವುದು ಕಷ್ಟ. ತಪ್ಪು ಮಾಡಿದವನು ಅಷ್ಟಾದರೂ ಬಗ್ಗಬೇಕಲ್ಲ.

ನಮ್ಮ ಉಡುಪಿ ಕಡೆ ನವರಾತ್ರಿಗೆ ಬಾಗಿಲಿಗೆ ಹೊಸ ತೆನೆ ಕಟ್ಟುತ್ತೇವೆ. ಸಯನ್‌ಗೆ ಬಂದಮೇಲೆ ಮಾಟುಂಗಾ ಮಾರ್ಕೆಟ್ಟಿನದ್ದೇ ಗತಿ. ಈ ಸಲ ನನ್ನ ಹೆಂಡತಿ ಸರೋಜ, ತಾನೇ ಬೆಳೆದದ್ದನ್ನು ಕಟ್ಟುತ್ತೇನೆಂದು ಹಟ ಹಿಡಿದಳು. ತವರಿನಿಂದ ತರಿಸಿದ ಬೀಜದಲ್ಲಿ ಅರ್ಧವನ್ನು ಬಕೆಟಿಗೆ ಹಾಕಿ, ಉಳಿದದ್ದನ್ನು ಕೆಳಗಿನ ಮನೆಯ, ಎಲ್ಲರೂ ಕಾಕು ಎಂದು ಕರೆಯುವ ಮರಾಠಿ ಹೆಂಗಸಿಗೆ ಕೊಟ್ಟಳು. ಕಾಕು ಅದನ್ನು ಬಿಲ್ಡಿಂಗಿನ ಹಿಂದಿನ, ದೀಪವಿಲ್ಲದ ಮೂಲೆಯಲ್ಲಿ ಒಡೆದ ಡ್ರಮ್ಮಿಗೆ ಬಿತ್ತಿ ಮರೆತೇಬಿಟ್ಟರು. ಅಲ್ಲಿ ತೆನೆ ಬಂತು. ನಮ್ಮಲ್ಲಿ ಬರೀ ಹುಲ್ಲು.

"ನಿನ್ನ ಕೈಗುಣ ಇಡ್ಲಿಗೆ ಸರಿ, ಗದ್ದೆಗಲ್ಲ" ಎಂದೆ.

"ಹುಲ್ಲಾದರೆ ಆಗಲಿ, ತಿನ್ನಲಿಕ್ಕೆ ನೀವಿದ್ದೀರಲ್ಲ" ಎಂದಳು. ಆದರೆ ಮಾತು ಮುಗಿಸಿ ಮುಖ ತಿರುಗಿಸಿಕೊಂಡಳು.

ಸರೋಜ ಭಜನೆಗೆ ಹೋಗಿದ್ದ ದಿನ ಅಂಧೇರಿಯಿಂದ ಮೊಮ್ಮಗಳು ಬಂದಳು. ಕಾಲೇಜಿನಲ್ಲಿ ಬಯಾಲಜಿ ಓದುವವಳು. ಬಕೆಟು ನೋಡಿದಳು, ಮೇಲಿನ ಟ್ಯೂಬ್‌ಲೈಟು ನೋಡಿದಳು.

"ಅಜ್ಜ, ಈ ಲೈಟ್ ಪೂರಾ ರಾತ್ರಿ ಚಾಲೂ ಇರ್ತದಾ?"

ಇರುತ್ತದೆ. ಹೋಟೆಲಿನ ಬೆಂಚುಗಳ ಮೇಲೆ, ಉರಿಯುವ ದೀಪದ ಕೆಳಗೆ ಮಲಗಿ ಆಯುಷ್ಯ ಕಳೆದವನು ನಾನು. ಈಗ ಮಲಗುವುದು ಇದೇ ಗ್ಯಾಲರಿಯಲ್ಲಿ; ಕತ್ತಲಲ್ಲಿ ನಿದ್ದೆ ಬಾರದು.

"ಮತ್ತೆ ಇದಕ್ಕೆ ರಾತ್ರಿನೇ ಆಗಲ್ಲ ನಾ, ಅಜ್ಜ."

ಎಲೆಯಲ್ಲಿ ಬೆಳಕು ಗುರುತಿಸುವ ಪ್ರೋಟೀನುಗಳಿವೆಯಂತೆ. ರಾತ್ರಿ ಉದ್ದವಾದಾಗ ಎಲೆಯಲ್ಲೊಂದು ಜೀನ್ ಎಚ್ಚರಗೊಂಡು ಇನ್ನೊಂದು ಪ್ರೋಟೀನ್ ಮಾಡಿಸುತ್ತದಂತೆ. ಅದು ಗಿಡದ ತುದಿಗೆ ಪ್ರಯಾಣ ಮಾಡಿ, ಇನ್ನು ಎಲೆ ಸಾಕು, ಹೂ ಬಿಡು ಎನ್ನುತ್ತದಂತೆ. ಮಧ್ಯೆ ಬೆಳಕು ಬಿದ್ದರೆ ಆ ಜೀನ್ ಏಳುವುದೇ ಇಲ್ಲ. ಹೈಸ್ಕೂಲು ಮುಗಿಸಿದವನಿಗೆ ಇದು ಹೋಟೆಲಿನ ಲೆಕ್ಕದಲ್ಲೇ ಅರ್ಥವಾಯಿತು: ಎಲೆ ಆರ್ಡರ್ ಕೂಗುವವನು, ತುದಿ ಅಡುಗೆಮನೆ. ನಾನು ಕೂಗುವವನ ಬಾಯಿಯನ್ನೇ ಮುಚ್ಚಿಸಿದ್ದೆ.

ಅಂದಿನಿಂದ ದೀಪ ಹಾಕಲಿಲ್ಲ. ಟ್ಯೂಬ್ ಸುಟ್ಟಿದೆ ಎಂದು ಸರೋಜಳಿಗೆ ಹೇಳಿದೆ. ನವರಾತ್ರಿಗೆ ಕಾಕು ಕೊಟ್ಟ ತೆನೆಯನ್ನೇ ಕಟ್ಟಿ, ಅವಳು ಬಕೆಟು ಬರಿದು ಮಾಡಲು ಹೊರಟಳು. ಸ್ವಲ್ಪ ದಿನ ಇರಲೆಂದು ಬೇಡಿಕೊಂಡೆ.

ಇವತ್ತು ಹೂ ಕಂಡದ್ದೇ, ಅವಳು ಕಾಕುವನ್ನು ಕರೆದು ತೋರಿಸಿದಳು. ಎಲ್ಲ ತಾನು ಬುಡಕ್ಕೆ ಮಜ್ಜಿಗೆ ಹಾಕಿದ್ದರ ಫಲವಂತೆ. 

ಕಾಕು ಹೋದಮೇಲೆ ಹೇಳಿದೆ. "ಟ್ಯೂಬ್ ಸುಟ್ಟದ್ದಲ್ಲ ಮಾರಾಯ್ತಿ, ನಾನೇ ಆರಿಸಿದ್ದು. ಮೊದಲು ಕೆಡಿಸಿದ್ದೂ ನಾನೇ, ನಿನ್ನ ಕೈಯಲ್ಲ."

"ಗೊತ್ತುಂಟು. ಸುಟ್ಟಿದ್ದರೆ ಅದೇ ಸಂಜೆ ಹೊಸತು ತರ್ತಿದ್ರಿ. ಮಗು ನನಗೂ ಫೋನ್ ಮಾಡಿ ಹೇಳಿತ್ತು. ಸ್ವಲ್ಪ ದಿನ ಕತ್ತಲಲ್ಲಿ ಹೊರಳಾಡಲಿ ಅಂತ ಸುಮ್ಮನಿದ್ದೆ. ಬಕೆಟು ಬರಿದು ಮಾಡಲು ಹೊರಟದ್ದೂ ನಿಮ್ಮ ಬಾಯಿ ಬಿಡಿಸಲಿಕ್ಕೆ."

"ಮತ್ತೆ ಮಜ್ಜಿಗೆ?"

"ಗಂಡನ ಪೆದ್ದುತನ ಕಾಕುವಿಗೆ ಹೇಳ್ಲಿಕ್ಕಾಗ್ತದಾ?"

ದೀಪಾವಳಿಯ ಹೊತ್ತಿಗೆ ಕಾಳು ಹಾಲುಗಟ್ಟಬಹುದು. ಆಗ ತೆನೆ ಕಟ್ಟುವವಳು ಅವಳು, ಸ್ಟೂಲು ಹಿಡಿಯುವವನು ನಾನು. ನಿದ್ದೆಯೂ ಈಗ ನಿಧಾನವಾಗಿ ಬರುತ್ತಿದೆ. ಬಕೆಟಿಗೂ ನನಗೂ ಒಟ್ಟಿಗೇ ರಾತ್ರಿಯಾಗುತ್ತದೆ.